ಪೊಟ್ಟಣದ ಹಿಂಬದಿ

"ಆ ಕಪಾಟಿಗೆ ಬೀಗ ಯಾಕೆ? ನನ್ನ ಅಡಿಗೆಕೋಣೆಯಲ್ಲಿ ನನಗೇ ಕಾಣಬಾರದ್ದು ಎಂತ ಉಂಟು?"

ಕದೀಜಮ್ಮನ ಸ್ವರಕ್ಕೆ ಒಲೆಯ ಮೇಲಿನ ಹಾಲೂ ಬೆದರಿ ಉಕ್ಕಿತು. ಸೊಸೆ ಫಸೀಲಾ ಓಡಿಹೋಗಿ ಗ್ಯಾಸ್ ಆರಿಸಿದಳು. "ಎಂತದೂ ಇಲ್ಲ ಮಾಮಿ... ಕೇಕಿನ ಸಾಮಾನು, ಅಷ್ಟೇ."

ಅಷ್ಟೇ ಅಂತೆ! ಬರೀ ಸಾಮಾನಾದರೆ ತಲೆ ತಗ್ಗಿಸಿ ಹೇಳುವುದೇಕೆ? ಉಪ್ಪಿನಂಗಡಿಯ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಯಿತು. ಗಂಡ ತಮೀಮ್ ದುಬೈಯಲ್ಲಿ. ಇವಳು ಊರ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಮಾಡುತ್ತಾ, ಅದಕ್ಕೆ ಹೊದಿಸುವ ಫಾಂಡೆಂಟನ್ನೂ ಅಂಗಡಿಯಿಂದ ತರದೆ ತಾನೇ ನಾದುತ್ತಾ ನಾಲ್ಕು ಜನರ ಬಾಯಲ್ಲಿ ಒಳ್ಳೆಯ ಹೆಸರು ಪಡೆದಿದ್ದಳು. ಬಿಳಿ ಹುಡಿಯೊಂದನ್ನು ನೀರಲ್ಲಿ ನೆನೆಸಿ, ಹದವಾಗಿ ಬಿಸಿಮಾಡಿ, ಜರಡಿ ಹಿಡಿದ ಐಸಿಂಗ್ ಸಕ್ಕರೆಗೆ ಸುರಿದು ರೊಟ್ಟಿಹಿಟ್ಟಿನಂತೆ ನಾದಿದರೆ ಸಾಕು, ಎಷ್ಟು ತೆಳ್ಳಗೆ ಲಟ್ಟಿಸಿದರೂ ಹರಿಯದ ಹಾಳೆ! ಆ ಬಿಳಿ ಹುಡಿಯೇ ಕದೀಜಮ್ಮನ ನೆಮ್ಮದಿ ಕೆಡಿಸಿದ್ದು.

ಬೆಂಕಿಗೆ ತುಪ್ಪ ಸುರಿದವಳು ಪಕ್ಕದ ಮನೆಯ ನೆಬೀಸ. "ಅದು ಜೆಲಾಟಿನ್ ಮಾರಾಯ್ತಿ! ಎಲುಬು, ಚರ್ಮ ಬೇಯಿಸಿ ತೆಗೆಯುದು. ಯಾವ ಪ್ರಾಣಿದು ಅಂತ ಯಾರು ಕಂಡಿದ್ದಾರೆ? ಹಂದಿದ್ದೂ ಇರ್ತದಂತೆ."

"ಅಸ್ತಗ್‌ಫಿರುಲ್ಲಾಹ್!" ಎಂದರು ಕದೀಜಮ್ಮ. ನಾಡಿದ್ದೇ ಮಗಳು ನಶೀದಾಳ ನಿಶ್ಚಿತಾರ್ಥ. ಸುಳ್ಯದಿಂದ ಬೀಗರು ಬರುತ್ತಾರೆ. ಕೇಕ್ ಫಸೀಲಾಳದ್ದೇ. ಹೆತ್ತ ಮಗಳ ಶುಭಕಾರ್ಯದಲ್ಲಿ ಬೀಗರ ಬಾಯಿಗೆ ಹರಾಂ ಇಡುವುದೇ...? ಸೊಸೆಯನ್ನು ಕರೆದು ಖಡಾಖಂಡಿತವಾಗಿ ಹೇಳಿದರು: "ಬೀಗರಿಗೆ ಕೇಕ್ ಉಂಟು ಅಂತ ಹೇಳಿ ಆಗಿದೆ, ಈ ಕಾರ್ಯ ಒಂದು ಮುಗಿಯಲಿ. ಮತ್ತೆ ಈ ಮನೆಯಲ್ಲಿ ಕೇಕೂ ಇಲ್ಲ, ಓವನ್ನೂ ಇಲ್ಲ!"

ಫಸೀಲಾಳ ಕಣ್ಣು ತುಂಬಿತು. "ನಾನು ಎಂತ ತಪ್ಪು ಮಾಡಿದೆ ಮಾಮಿ?"

ಕದೀಜಮ್ಮ ಮುಖ ತಿರುಗಿಸಿ ಹೊರಗೆ ನಡೆದರು. ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅನುಮಾನ ಹೊಕ್ಕವರಿಗೆ ಕೇಳುವ ಅಭ್ಯಾಸವೆಲ್ಲಿ? ಅವರದ್ದೇನಿದ್ದರೂ ಹುಡುಕುವ ಅಭ್ಯಾಸ!

ಮರುದಿನ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದಾಗ ಬೀಗದ ಕೈ ಅಡಿಗೆಕಟ್ಟೆಯ ಮೇಲೇ ಇತ್ತು. ಕದೀಜಮ್ಮ ಕಪಾಟು ತೆರೆದರು. ಪೊಟ್ಟಣದ ಮುಂಬದಿಯಲ್ಲೆಲ್ಲ ಅವರಿಗೆ ಓದಲು ಬಾರದ ಇಂಗ್ಲಿಷು. ಒಳಗಿನ ಹುಡಿಯನ್ನು ತೆಂಗಿನ ಬುಡಕ್ಕೆ ಸುರಿದರು. ರಂಜಾನಿನ ಪುಡ್ಡಿಂಗಿಗೆಂದು ತಂದಿಟ್ಟಿದ್ದ ಚೈನಾ ಗ್ರಾಸನ್ನು ಮಿಕ್ಸಿಯಲ್ಲಿ ನುಣ್ಣಗೆ ಹುಡಿಮಾಡಿ ಅದೇ ಪೊಟ್ಟಣಕ್ಕೆ ತುಂಬಿದರು. ಕಡಲಪಾಚಿಯದ್ದಲ್ಲವೇ, ಶುದ್ಧ ಹಲಾಲ್! ಪುಡ್ಡಿಂಗನ್ನು ಹಿಡಿಯುವ ಹುಡಿ ಸಕ್ಕರೆಯನ್ನು ಹಿಡಿಯದೇ ಎಂಬುದು ಅವರ ಲೆಕ್ಕಾಚಾರ. ಆದರೆ ಚೈನಾ ಗ್ರಾಸಿಗೆ ಬರೀ ಬಿಸಿ ಸಾಲದು, ಕುದಿ ಬರಬೇಕು; ಕುದಿಸಿದರೂ ಜೆಲಾಟಿನ್ನಿನ ಎಳೆತ ಅದಕ್ಕೆ ಬಾರದು.

ನಿಶ್ಚಿತಾರ್ಥದ ದಿನ ಹೆಂಗಸರೆಲ್ಲ ಒಳಚಾವಡಿಯಲ್ಲಿ ಸೇರಿದ್ದರು. ನಶೀದಾ ಚಾಕು ಇಟ್ಟದ್ದೇ ತಡ, ಕೇಕಿನ ಬಿಳಿ ಹೊದಿಕೆ ಟರ್ರನೆ ಬಿರಿದು ಚೂರುಚೂರಾಗಿ ಉದುರಿತು! ವರನ ತಾಯಿ ಹುಬ್ಬೇರಿಸಿದರು. "ಯಾರು ಮಾಡಿದ್ದು ಇದು?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಕದೀಜಮ್ಮ ಸೆರಗಿನಿಂದ ಬೆವರೊರೆಸಿಕೊಂಡರು. ಫಸೀಲಾ ಅತ್ತೆಯ ಮುಖವನ್ನೊಮ್ಮೆ ನೋಡಿ ಮುಂದೆ ಬಂದಳು. "ನಾನೇ... ನನ್ನ ಕೈತಪ್ಪು. ಬೇಜಾರು ಮಾಡಬೇಡಿ" ಎಂದವಳೇ ಅಳು ನುಂಗುತ್ತಾ ಅಡಿಗೆಕೋಣೆಗೆ ಹೋದಳು. ಕದೀಜಮ್ಮ ಹಿಂದೆಯೇ ಹೋದರು.

"ನಿನಗೆ ಗೊತ್ತಿತ್ತಾ?"

"ಮಿಕ್ಸಿ ಜಾರಿನಲ್ಲಿ ಚೈನಾ ಗ್ರಾಸಿನ ಎಳೆ ಸಿಕ್ಕಿತು ಮಾಮಿ. ಆದರೆ ಆಗ ಎಲ್ಲ ನಾದಿ ಆಗಿತ್ತು... ಬೀಗರ ಎದುರು ನಿಮ್ಮ ಹೆಸರು ಹೇಳುದಾ?"

"ಅದು... ಹಂದಿದ್ದು ಅಂತ..."

ಫಸೀಲಾ ದಂಗಾಗಿ ನಿಂತಳು. ಮತ್ತೆ ಮೆಲ್ಲನೆ ಖಾಲಿ ಪೊಟ್ಟಣ ತಂದು ಹಿಂಬದಿ ತಿರುಗಿಸಿ ಕೈಗಿಟ್ಟಳು. "ಇವರೇ ದುಬೈಯಿಂದ ನೋಡಿ ಕಳಿಸಿದ್ದು ಮಾಮಿ. ಮೀನಿನದ್ದು."

ಹಿಂಬದಿಯಲ್ಲಿ ದಪ್ಪ ಅರಬಿ ಅಕ್ಷರ: ಹಲಾಲ್! ದಿನಾ ಮುಂಜಾನೆ ಸುಬುಹಿ ನಮಾಜಿನ ನಂತರ ಕುರ್‌ಆನ್ ಓದುವ ಕದೀಜಮ್ಮನಿಗೆ ಅದನ್ನು ಓದಲು ಕನ್ನಡಕವೂ ಬೇಕಾಗಲಿಲ್ಲ. ಅಯ್ಯೋ... ಒಮ್ಮೆ ತಿರುಗಿಸಿ ನೋಡಿದ್ದರೆ!

"ಹಾಗಾದರೆ... ಆ ಬೀಗ?"

"ನಿಮಗೆ ಶುಗರ್ ಉಂಟಲ್ಲ ಮಾಮಿ..." ಫಸೀಲಾ ಬಿಕ್ಕಿದಳು. "ಮಾಡಿಟ್ಟ ಫಾಂಡೆಂಟಿನ ಉಂಡೆಯಿಂದ ದಿನಾ ಚಿವುಟಿ ತಿಂತಿದ್ರಿ. ಬೇಡ ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ."

ತನ್ನ ಕಳ್ಳತನವನ್ನು ತಡೆಯಲು ಹಾಕಿದ ಬೀಗದ ಮೇಲೆಯೇ ತಾನು ಕಳ್ಳತನ ಹೊರಿಸಿದ್ದೆನಲ್ಲ ಎಂದು ಕದೀಜಮ್ಮನ ಕಣ್ಣಲ್ಲಿ ನೀರಾಡಿತು. ಸೊಸೆಯ ಕೈ ಹಿಡಿದು ದರದರನೆ ಚಾವಡಿಗೆ ಕರೆತಂದರು.

"ಕೇಳಿ, ಎಲ್ಲರೂ ಕೇಳಿ! ಇದು ಇವಳ ಕೈತಪ್ಪಲ್ಲ. ಇವಳನ್ನು ನಂಬದೆ ಹುಡಿ ಬದಲಿಸಿದ್ದು ನಾನು. ನಗುದಾದರೆ ನನ್ನನ್ನು ನೋಡಿ ನಗಿ."

ವರನ ತಾಯಿ ಒಂದು ಚೂರು ಬಾಯಿಗೆ ಹಾಕಿ ಚಪ್ಪರಿಸಿದರು. "ಬಿರಿದರೆಂತ, ರುಚಿ ಉಂಟು. ಮದುವೆಗೂ ಇವಳೇ ಮಾಡಲಿ. ಆದರೆ ಅಡಿಗೆಕೋಣೆಗೆ ನೀವು ಹೋಗ್ಬೇಡಿ ಮಾರಾಯ್ರೆ!"

ಎಲ್ಲರೂ ನಕ್ಕರು. ಕದೀಜಮ್ಮನೂ ಅಳುತ್ತಲೇ ನಕ್ಕು, ಫಸೀಲಾಳ ಕಡೆ ತಿರುಗಿದರು.

"ಓವನ್ ಎಲ್ಲಿಗೂ ಹೋಗುದಿಲ್ಲ ಮಗಳೇ. ಆ ಬೀಗವೂ ಇರಲಿ... ಬೀಗದ ಕೈ ಮಾತ್ರ ಅಡಿಗೆಕಟ್ಟೆಯ ಮೇಲೆ ಇಡಬೇಡ, ನನ್ನನ್ನು ನಂಬಲಿಕ್ಕಾಗುದಿಲ್ಲ."