ಎಡಗಡೆ ಸ್ಪೀಕರಿನ ಗಿಲಿಗಿಲಿ

"ಇವತ್ತು ಆಗಲ್ಲ," ಅಂದ ಕೆಂಡ, ತಲೆ ಎತ್ತದೆ.

"ಯಾಕಾಗಲ್ಲ?"

"ಅಳೆದ ದಿನ ನಾನು ಕತ್ತರಿಸಲ್ಲ. ಇವತ್ತು ಅಳೀತೀನಿ, ನಾಳೆ ಕತ್ತರಿಸ್ತೀನಿ."

"ಒಂದು ರಾತ್ರಿ ಯೋಚನೆ ಮಾಡೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರಾನಾ? ಕಾರಿಗೆ ಎರಡು ಸ್ಪೀಕರು ಕೂರಿಸೋದು, ಅಷ್ಟೇ."

ಆಗ ತಲೆ ಎತ್ತಿದ. ಎದುರಿಗೆ ನಿಂತ ಹುಡುಗಿಯ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ತೆಗೆಯುವುದನ್ನು ಮರೆತು ಬಂದಿರಬೇಕು. ತೋಳಿನ ಮೇಲೆ ಒಂದು ಕೆಂಪು ದಾರದ ಎಳೆ. ಅವಳ ಕಣ್ಣುಗಳು ಮಾತ್ರ ಏನನ್ನೂ ಮರೆತು ಬಂದಿರಲಿಲ್ಲ. ಅವನನ್ನು ಕಾಲರಿನಿಂದ ಕೆಳಗೆ ಇಳಿಯುತ್ತ ನೋಡಿ, ಎದೆಯ ಹತ್ತಿರ ಒಂದು ಕಡೆ ನಿಂತವು.

"ಅಂಗಿಯ ಎರಡನೇ ಗುಂಡಿ ಎಲ್ಲಿ?"

"ಬಿದ್ದೋಯ್ತು."

"ಯಾವಾಗ?"

"ಹೋದ ವರ್ಷ."

"ಅದಕ್ಕೂ ಒಂದು ರಾತ್ರಿ ಯೋಚನೆ ಮಾಡ್ತಿದ್ದೀರಾ?"

ಕ್ಯಾಷ್ ಮೇಜಿನ ಹಿಂದಿದ್ದ ಅಂಗಡಿ ಯಜಮಾನರು ಪೇಪರಿನ ಮರೆಯಲ್ಲಿ ನಕ್ಕರು. ಕೆಂಡ ಅನ್ನುವ ಹೆಸರು ಇಟ್ಟವರೇ ಅವರು. ಯಾರಾದರೂ ಚಿಟಿಕೆ ಹೊಡೆದು "ಏಯ್, ಬೇಗ ಮುಗಿಸು" ಅಂದರೆ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ. ಆಮೇಲೆ ಗಿರಾಕಿ ಉಳಿಯುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಂತ ಎಲ್ಲರೂ ಹೇಳುತ್ತಿದ್ದರು. ಶಾಲೆಯೇ ಅವನನ್ನು ಬಿಟ್ಟಿತೋ ಅಂತ ಒಬ್ಬರೂ ಕೇಳಿರಲಿಲ್ಲ. ತೂತು ಕೊರೆಯುವುದು ಯಾರಿಗೆ ಬೇಕಾದರೂ ಬರುತ್ತದೆ. ಎಲ್ಲಿ ಕೊರೆಯಬಾರದು ಅನ್ನುವುದಕ್ಕೆ ಯಾವ ಕಾಲೇಜೂ ಸರ್ಟಿಫಿಕೇಟು ಕೊಡುವುದಿಲ್ಲ. ಅದನ್ನು ಅವನು ಕೈಯಿಂದಲೇ ಕಲಿತಿದ್ದ. ಕಾಗದದ ಅಚ್ಚನ್ನು ಗಾಡಿಗೆ ಅಂಟಿಸಿ ಒಂದು ದಿನ ಬಿಡುವುದು, ಬಾಗಿಲು ತೆಗೆದು ಮುಚ್ಚಿ ನೋಡುವುದು, ಮರುದಿನ ಹೊಸ ಕಣ್ಣಿನಿಂದ ಇನ್ನೊಮ್ಮೆ ಅಳೆಯುವುದು. ಅದು ಅವನ ಪದ್ಧತಿ.

ಗಾಡಿ ಹೊರಗೆ ನಿಂತಿತ್ತು. ಮೂವತ್ತು ವರ್ಷದ ಕಾರು, ಕೆನೆ ಬಣ್ಣ, ತಿಕ್ಕಿ ತಿಕ್ಕಿ ಹೊಳಪು ಬಂದದ್ದು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಸ್ವಂತ ಮನೆಯ ಕುರ್ಚಿಯಲ್ಲಿ ಕೂತಂತೆ ಕೂತಿದ್ದಳು. ಇಳಿಯುವ ಲಕ್ಷಣ ಕಾಣಲಿಲ್ಲ.

"ನೋಡಪ್ಪಾ," ಅಂದಳು ಅಜ್ಜಿ ಕಿಟಕಿಯಿಂದ. "ಇವಳ ಅಜ್ಜ ಮುಂದೆ ಕೂತು ಹಾಡು ಕೇಳ್ಕೊಂಡು ಓಡಿಸ್ತಿದ್ರು. ಹಿಂದೆ ಕೂತ ನನಗೆ ಅಷ್ಟೂ ವರ್ಷ ಬರೀ ಸೈಲೆನ್ಸರ್ ಹಾಡು. ಈಗ ಮೊಮ್ಮಗಳ ಕಾಲದಲ್ಲೂ ಅದೇ."

"ಮುಂದೆ ಕೂತ್ಕೊಳ್ಳಿ ಅಜ್ಜಿ."

"ಮುಂದೆ ಕೂತ್ರೆ ಎದುರು ಬರೋ ಲಾರಿ ಎಲ್ಲಾ ನನ್ನನ್ನೇ ಹುಡುಕ್ಕೊಂಡು ಬರುತ್ತೆ."

ನಾಳೆ ಬೆಳಿಗ್ಗೆ ಅಜ್ಜಿಯ ತಂಗಿಯ ಮನೆಗೆ ಪ್ರಯಾಣ, ನಾಲ್ಕು ಗಂಟೆಯ ದಾರಿ. ಅಷ್ಟರೊಳಗೆ ಆಗಬೇಕು.

"ನಾನೂ ಕತ್ತರಿಸೋಳೇ," ಅಂದಳು ಮೊಮ್ಮಗಳು, ಈಗ ದನಿ ತಗ್ಗಿಸಿ. "ಎರಡು ಬೀದಿ ಆಚೆ ಸೀಟ್ ಕವರ್ ಹೊಲೀತೀನಿ. ಕತ್ತರಿ ಇಡೋಕೆ ಮುಂಚೆ ನಾನೂ ಎರಡು ಸಲ ಅಳೀತೀನಿ. ಆದ್ರೆ ಕೈ ನೋಡಿದ್ರೆ ತಿಳಿಯುತ್ತೆ. ನಿಮ್ಮದು ತಪ್ಪೋ ಕೈ ಅಲ್ಲ."

ಅವನ ಬಾಯಿ, ಕೋಪ, ಮುಖ, ಎಲ್ಲದರ ಬಗ್ಗೆಯೂ ಜನ ಮಾತಾಡಿದ್ದರು. ಕೈಯ ಬಗ್ಗೆ ಯಾರೂ ಆಡಿರಲಿಲ್ಲ. ಅದನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಸಂಜೆಯೊಳಗೆ ಮುಗಿಸ್ತೀನಿ," ಅಂದ.

ಯಜಮಾನರ ಪೇಪರು ಪೂರ್ತಿ ಕೆಳಗಿಳಿಯಿತು.

ಹಿಂದಿನ ಗಾಜಿನ ಕೆಳಗಿನ ತಗಡಿನ ಹಲಗೆಗೆ ಬೂದು ಬಣ್ಣದ ಬಟ್ಟೆ ಹೊದಿಸಿತ್ತು. ಅದು ಅವಳದೇ ಹೊಲಿಗೆ. ಅದನ್ನು ಹರಿಯಲು ಬಿಡಲಿಲ್ಲ. ತಾನೇ ಅಜ್ಜಿಯ ಪಕ್ಕ ಮಂಡಿಯೂರಿ ಒಂದೊಂದೇ ಹೊಲಿಗೆ ಬಿಚ್ಚಿದಳು. ಕೆಂಡ ಡಿಕ್ಕಿ ತೆರೆದಿಟ್ಟು, ಕೆಳಗಿನಿಂದ ಟಾರ್ಚು ಹಿಡಿದು ಅಳೆದ. ಮೊಟ್ಟೆಯಾಕಾರದ ಗೆರೆ ಎಳೆದ. ಮೇಲಿನಿಂದ ಅವಳ ಬೆರಳು, ಕೆಳಗಿನಿಂದ ಅವನ ಬೆರಳು, ನಡುವೆ ಒಂದು ತಗಡು.

"ಇಲ್ಲೇನಾ?" ಅಂತ ಮೇಲೆ ತಟ್ಟಿದಳು.

"ಅಲ್ಲೇ," ಅಂತ ಕೆಳಗಿನಿಂದ ತಟ್ಟಿದ.

ಬೇಕಾದ್ದಕ್ಕಿಂತ ನಾಲ್ಕೈದು ಸಲ ಹೆಚ್ಚೇ ತಟ್ಟಿದರು. "ನಾನು ಇಲ್ಲೇ ಇದ್ದೀನಿ ಕಣ್ರಪ್ಪಾ," ಅಂತ ಅಜ್ಜಿ ನೆನಪು ಮಾಡಿದಳು.

ತಗಡು ಕತ್ತರಿಸಿದ. ಅಂಚು ಉಜ್ಜಿದ. ಎಡಗಡೆಯ ಸ್ಪೀಕರು ಕೂರಿಸಿ ನಾಲ್ಕೂ ಸ್ಕ್ರೂ ಬಿಗಿದ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಾನೇ ಒಮ್ಮೆ ದೂರ ನಿಂತು ನೋಡಿ ಬೀಗಿದ. ಅವಳು ಡಿಕ್ಕಿಯ ಬಾಗಿಲು ಎಳೆದಳು.

ಠಣ್.

ಬಾಗಿಲು ಒಂದು ಗೇಣು ಎತ್ತರದಲ್ಲೇ ನಿಂತುಬಿಟ್ಟಿತು. ಬಾಗಿಲನ್ನು ಎತ್ತಿ ಹಿಡಿಯುವ ಸ್ಪ್ರಿಂಗ್ ಸರಳು ಸ್ಪೀಕರಿನ ಆಯಸ್ಕಾಂತಕ್ಕೆ ಬಡಿದಿತ್ತು. ಡಿಕ್ಕಿ ತೆರೆದಾಗ ಆ ಸರಳು ಒಂದು ಕಡೆ, ಮುಚ್ಚುವಾಗ ಇನ್ನೊಂದು ಕಡೆ. ಅವನು ತೆರೆದಿಟ್ಟೇ ಅಳೆದಿದ್ದ. ಒಂದು ದಿನ ಬಿಟ್ಟಿದ್ದರೆ, ಒಂದು ಸಲ ಮುಚ್ಚಿ ನೋಡಿದ್ದರೆ, ಕಾಣುತ್ತಿತ್ತು.

ಕೆಂಡನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಗೋಡೆಗೆ ಹೋಗಿ ಬಡಿದು ಬಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಆ ಒಂದು ಹೆಜ್ಜೆ ಅವನಿಗೆ ಬೇಡವಾಗಿತ್ತು. ಈಗ ಇವಳೂ ಎಲ್ಲರ ಹಾಗೆ ಕೀಲಿ ತಿರುಗಿಸಿ ಹೊರಟುಬಿಡುತ್ತಾಳೆ, ಎರಡು ಬೀದಿ ಆಚೆಯ ಅಂಗಡಿಯ ಮುಂದೆ ತಾನಿನ್ನು ತಲೆ ಎತ್ತಿ ನಡೆಯುವ ಹಾಗಿಲ್ಲ ಅನ್ನಿಸಿತು.

ಇಂಥ ಹೊತ್ತಿಗೆ ಎಲ್ಲ ಅಂಗಡಿಗಳಲ್ಲೂ ಒಂದು ಮಾತು ತಯಾರಿರುತ್ತದೆ. ಯಜಮಾನರು ಆಗಲೇ ಬಾಯಿ ತೆರೆದಿದ್ದರು: "ಹಳೇ ಗಾಡಿ ಅಲ್ವಾಮ್ಮಾ, ಸ್ಪ್ರಿಂಗ್..."

"ಸ್ಪ್ರಿಂಗ್ ಸರಿಯಾಗಿದೆ," ಅಂದ ಕೆಂಡ. "ಗಾಡಿದೇನೂ ತಪ್ಪಿಲ್ಲ. ತಪ್ಪು ನನ್ನದು. ಮುಚ್ಚಿ ನೋಡದೇ ಕತ್ತರಿಸಿದೆ."

"ನಾನು ಅವಸರ ಮಾಡಿದ್ದಕ್ಕಾ?"

"ಅವಸರ ಎಲ್ಲರೂ ಮಾಡ್ತಾರೆ. ನಾನು ಕೇಳಲ್ಲ." ಬಗ್ಗಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಅದರ ಹಿಡಿಕೆಯನ್ನೇ ನೋಡುತ್ತ ಹೇಳಿದ, "ನೀವು ಕೈ ಬಗ್ಗೆ ಹೇಳಿದ್ರಲ್ಲ, ಅದಕ್ಕೆ."

ಅವಳು ಹಿಂದೆ ಇಟ್ಟ ಹೆಜ್ಜೆಯನ್ನು ಮುಂದಿಟ್ಟಳು. ತನ್ನ ಕೊರಳಿನ ಟೇಪು ತೆಗೆದು ಅವನ ಕೈಗಿಟ್ಟಳು.

"ಈಗ ಮುಚ್ಚಿ ಅಳೀರಿ."

ಮುಚ್ಚಿ ಅಳೆಯಬೇಕಾದರೆ ಯಾರಾದರೂ ಒಳಗಿರಬೇಕು. ಕೆಂಡ ಸ್ಪೀಕರು ಬಿಚ್ಚಿ ತೆಗೆದ. ಟಾರ್ಚು, ಟೇಪು ಹಿಡಿದು ಡಿಕ್ಕಿಯೊಳಗೆ ಮುದುಡಿಕೊಂಡು ಮಲಗಿದ. ಅವಳು ನಿಧಾನವಾಗಿ ಬಾಗಿಲು ಮುಚ್ಚಿದಳು. ಬೀಗ ಕಟಕ್ ಅಂದಿತು. ಆಮೇಲೆ ಹಿಂದಿನ ಸೀಟಿಗೆ ಬಂದು ಅಜ್ಜಿಯ ಪಕ್ಕ ಮಂಡಿಯೂರಿದಳು. ಡಿಕ್ಕಿಯ ಕತ್ತಲಲ್ಲಿ ಸ್ಪೀಕರಿನ ತೂತಿನಿಂದ ಒಂದೇ ಒಂದು ಮೊಟ್ಟೆಯಾಕಾರದ ಬೆಳಕು. ಅದರಲ್ಲಿ ಅವಳ ಒಂದು ಕಣ್ಣು, ಅರ್ಧ ಹುಬ್ಬು, ಕಿವಿಯ ಪಕ್ಕದ ನಾಲ್ಕು ಕೂದಲು.

"ಎಷ್ಟು ಬಡೀತಿದೆ?"

"ಒಂದು ಬೆರಳು. ಅಷ್ಟು ಎತ್ತರಿಸಿದ್ರೆ ಸರಿಹೋಗುತ್ತೆ. ಪ್ಲೈವುಡ್ಡಲ್ಲಿ ಉಂಗುರ ಕತ್ತರಿಸಿ ಮಧ್ಯ ಇಡ್ತೀನಿ."

"ನಾನು ಅದಕ್ಕೆ ಇದೇ ಬೂದು ಬಟ್ಟೆ ಹೊದಿಸ್ತೀನಿ. ಕಂಪನಿಯಿಂದಲೇ ಬಂದಿದ್ದು ಅನ್ಬೇಕು ನೋಡಿದವರು."

"ಹೂಂ."

"ಮತ್ತೆ ಡಿಕ್ಕಿ ತೆಗೀಲಾ?"

ಒಳಗೆ ಹಳೆಯ ರಬ್ಬರಿನ ವಾಸನೆ. ಮೊಣಕಾಲು ಗಲ್ಲಕ್ಕೆ ತಾಗಿತ್ತು. ಬೀದಿಯ ಹಾರ್ನು ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಬೆಳಿಗ್ಗೆಯಿಂದ, ಅಲ್ಲ, ಬಹಳ ವರ್ಷಗಳಿಂದ ಎದೆಯಲ್ಲಿ ಬುಸುಗುಡುತ್ತಿದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾಗಿತ್ತು.

"ಒಂದು ನಿಮಿಷ," ಅಂದ. "ಇಲ್ಲಿ ಚೆನ್ನಾಗಿದೆ."

ಬೆಳಕಿನಲ್ಲಿದ್ದ ಕಣ್ಣು ನಕ್ಕಿತು. ಒಂದು ನಿಮಿಷ ಅಂದದ್ದು ನಾಲ್ಕಾಯಿತು. ಅವಳು ಕದಲಲಿಲ್ಲ.

"ಇರಲಿ ಬಿಡೇ," ಅಂದಳು ಅಜ್ಜಿ. "ನಾಳೆ ಇವನನ್ನೂ ಹೀಗೇ ನನ್ನ ತಂಗಿ ಮನೆಗೆ ಕರ್ಕೊಂಡು ಹೋಗೋಣ."

ಸಂಜೆಯ ಹೊತ್ತಿಗೆ ಎರಡು ಉಂಗುರಗಳೂ ಸಿದ್ಧವಾದವು. ಅವನು ಕತ್ತರಿಸಿ ಉಜ್ಜಿದ, ಅವಳು ಬಟ್ಟೆ ಎಳೆದು ಅಂಟಿಸಿ ಅಂಚಿಗೆ ಸಣ್ಣ ಹೊಲಿಗೆ ಹಾಕಿದಳು. "ಮೊದಲನೇ ದಿನಕ್ಕೇ ಉಂಗುರದ ತನಕ ಬಂದ್ರಲ್ಲ," ಅಂದರು ಯಜಮಾನರು. ಕೆಂಡ ಅವರ ಮೇಲೂ ಸಿಡುಕಲಿಲ್ಲ. ಪ್ರತಿ ತಂತಿಯ ತುದಿಗೂ ಒಂದು ಪೆನ್ಸಿಲ್ ಸೆಲ್ ತಾಗಿಸಿ ತೋರಿಸಿದ: ಸ್ಪೀಕರಿನ ಕಾಗದದ ಎದೆ ಟಪ್ ಅಂತ ಮುಂದಕ್ಕೆ ಬಂತು.

"ಎರಡೂ ಒಂದೇ ಸಲ ಮುಂದೆ ಬರ್ಬೇಕು. ಒಂದು ಮುಂದೆ, ಒಂದು ಹಿಂದೆ ಆದ್ರೆ ಹಾಡಿನಲ್ಲಿ ಜೀವ ಇರಲ್ಲ."

"ಎಲ್ಲದರಲ್ಲೂ ಹಾಗೇ," ಅಂದಳು ಅವಳು, ದಾರ ಹಲ್ಲಿನಿಂದ ಕಡಿಯುತ್ತ. ಅವನ ಕಡೆ ನೋಡಲಿಲ್ಲ. ನೋಡದೇ ಇರುವುದಕ್ಕೆ ಅವಳು ಪಟ್ಟ ಕಷ್ಟ ಮಾತ್ರ ಅವನಿಗೆ ಕಂಡಿತು.

ಹಾಡು ಹಚ್ಚಿದರು. ಅಜ್ಜಿ ಕಣ್ಣು ಮುಚ್ಚಿದಳು. ಎರಡು ಸಾಲು ಮುಗಿಯಿತು.

"ಇಷ್ಟು ವರ್ಷ ಆ ಮನುಷ್ಯ ಇದನ್ನೆಲ್ಲ ಒಬ್ಬರೇ ಕೇಳಿದ್ರು ನೋಡು," ಅಂದಳು ಆಮೇಲೆ, ಬಯ್ಯುವ ದನಿಯಲ್ಲಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಗಾಡಿ ಹೋಯಿತು. ಅವಳ ಅಂಗಡಿಯ ಮುಂದೆ ಹಾದುಹೋಗಲು ಕೆಂಡನಿಗೆ ದಿನಕ್ಕೊಂದು ನೆಪ ಬೇಕಿತ್ತು, ಒಂದೂ ಹೊಳೆಯಲಿಲ್ಲ. ಕೆಲಸ ಚೆನ್ನಾಗಿ ಮಾಡಿದ್ದೇ ತಪ್ಪಾಯಿತು ಅನ್ನಿಸಿತು. ಕೆಟ್ಟ ಕೆಲಸ ಮಾಡಿದ್ದರೆ ವಾಪಸಾದರೂ ಬರುತ್ತಿದ್ದಳು.

ಒಂಬತ್ತನೇ ದಿನ ಬಂದಳು, ಹಿಂದಿನ ಸೀಟಿನಲ್ಲಿ ಅದೇ ಅಜ್ಜಿ.

"ಎಡಗಡೆ ಸ್ಪೀಕರಿನಲ್ಲಿ ಗಿಲಿಗಿಲಿ ಅಂತಿದೆ."

"ಸಾಧ್ಯಾನೇ ಇಲ್ಲ."

"ಕೇಳಿ ನೋಡಿ."

ಕೇಳಿದ. ಹೌದು, ಗಿಲಿಗಿಲಿ. ಅವನ ಕೆಲಸದಲ್ಲಿ ಗಿಲಿಗಿಲಿ. ಮುಖ ಕೆಂಪಾಗಿ, ಸ್ಪೀಕರು ಬಿಚ್ಚಿ, ಹೇಳುವ ಮೊದಲೇ ಡಿಕ್ಕಿಯೊಳಗೆ ತೂರಿಕೊಂಡ. ಅವಳೂ ಹೇಳುವ ಮೊದಲೇ ಬಾಗಿಲು ಮುಚ್ಚಿ ಹಿಂದಿನ ಸೀಟಿಗೆ ಬಂದಳು. ಸ್ಕ್ರೂ ತಡವಿದ, ತಂತಿ ಎಳೆದು ನೋಡಿದ, ಸರಳು ಅಲುಗಿಸಿದ. ಎಲ್ಲ ಗಟ್ಟಿ. ಕೊನೆಗೆ ತಗಡಿನ ಮಡಿಕೆಯೊಳಗೆ ಬೆರಳು ಹಾಕಿದಾಗ ಏನೋ ಸಿಕ್ಕಿತು. ಟಾರ್ಚಿನ ಬೆಳಕಿಗೆ ಹಿಡಿದ.

ಒಂದು ಗುಂಡಿ. ಕಂದು ಬಣ್ಣ, ನಾಲ್ಕು ತೂತು. ತನ್ನ ಅಂಗಿಯ ಮೊದಲನೇ ಗುಂಡಿ ನೋಡಿಕೊಂಡ, ಮೂರನೆಯದು ನೋಡಿಕೊಂಡ. ಅದೇ ಜಾತಿ, ಅದೇ ಬಣ್ಣ.

ಮೊಟ್ಟೆಯಾಕಾರದ ಬೆಳಕಿನಲ್ಲಿ ಆ ಕಣ್ಣು ಕಾಯುತ್ತಿತ್ತು.

"ಇದು ಇಲ್ಲಿಗೆ ಹೇಗೆ ಬಂತು?"

"ಹಳೇ ಗಾಡಿ ಅಲ್ವಾ," ಅಂದಳು ಅವಳು.

"ಅಯ್ಯೋ, ಇನ್ನೂ ಎಷ್ಟು ಹೊತ್ತು," ಅಂದಳು ಅಜ್ಜಿ. "ಆ ಬಣ್ಣ ಹುಡುಕೋಕೆ ಇವಳು ನಾಲ್ಕು ಅಂಗಡಿ ಅಲೆದಿದ್ದಾಳೆ. ನಿನ್ನೆ ಸಂಜೆ ತುರುಕಿದ್ದಾಳೆ. ನಾನು ಹೇಳಲಿಲ್ಲ ಅನ್ನು."

ಒಳಗೆ ಕೆಂಡ ಗುಂಡಿಯನ್ನು ಬೆರಳುಗಳ ನಡುವೆ ತಿರುಗಿಸಿದ.

"ಕೋಪ ಬಂತಾ?" ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಹುಡುಕ್ತಾ ಇದ್ದೀನಿ," ಅಂದ. "ಸಿಗ್ತಿಲ್ಲ." ಒಂದು ಉಸಿರು ಎಳೆದುಕೊಂಡ. "ಒಂಬತ್ತು ದಿನ ನಿಮ್ಮ ಅಂಗಡಿ ಮುಂದೆ ಬರೋಕೆ ಒಂದು ನೆಪ ಹುಡುಕಿದೆ. ಅದೂ ಸಿಗ್ಲಿಲ್ಲ. ಗುಂಡಿ ಬಿದ್ದಿರೋ ಅಂಗಿ ಹಾಕ್ಕೊಂಡೇ ತಿರುಗ್ತಿದ್ದೆ, ದಡ್ಡ. ನೀವಂದ್ರೆ ನನಗೆ ಇಷ್ಟ. ಅಳೆದು ನೋಡಿ ಹೇಳ್ತಿದ್ದೀನಿ, ಅವಸರದಲ್ಲಿ ಅಲ್ಲ."

ಕಣ್ಣು ಬೆಳಕಿನಿಂದ ಮರೆಯಾಯಿತು. ಅದರ ಬದಲು ಒಂದು ಕೈ ಒಳಗೆ ಇಳಿಯಿತು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು. ಗುಂಡಿ ಕೊಡು ಅನ್ನುವಂತೆ ಅಂಗೈ ಬಿಚ್ಚಿಕೊಂಡಿತು. ಅವನು ಗುಂಡಿ ಇಟ್ಟ. ಕೈ ವಾಪಸು ತೆಗೆದುಕೊಳ್ಳಲಿಲ್ಲ. ಅವಳೂ ತೆಗೆದುಕೊಳ್ಳಲಿಲ್ಲ.

"ನಾಳೆ ಅಂಗಡಿಗೆ ಬಾ," ಅಂದಳು. "ಹೊಲಿದು ಕೊಡ್ತೀನಿ."

"ಒಂದು ಗುಂಡಿ ಹೊಲಿಯೋಕೆ ನಾಳೆ ಯಾಕೆ? ಇವತ್ತೇ ಬರ್ತೀನಿ."

"ಬಾ. ಆದ್ರೆ ನಾಳೆನೂ ಬರ್ಬೇಕಾಗುತ್ತೆ. ಅಳೆದ ದಿನ ನಾನೂ ಹೊಲಿಯಲ್ಲ."