ಇಬ್ಬರಿಗೂ ಒಬ್ಬನೇ ಮುತ್ತಜ್ಜ

ಹಳೆಯ ಸೈನ್ಯದಾಖಲೆಗಳ ಕಚೇರಿಯಲ್ಲಿ ಆಕೆ ಕೇಳಿದ ಕಡತ ಆಗಲೇ ಬೇರೊಬ್ಬರ ಕೈಯಲ್ಲಿತ್ತು. ಕಿಟಕಿ ಪಕ್ಕದ ಮೇಜಿನಲ್ಲಿ ಗಿಡ್ಡನೆಯ ಗಂಡಸೊಬ್ಬ ಅದರ ಮೇಲೆ ಬಾಗಿ ಕುಳಿತಿದ್ದ.

"ಅದು ನಮ್ಮ ಮುತ್ತಜ್ಜಂದು," ಎಂದಳು ಆಕೆ, ತುಸು ಖಾರವಾಗಿಯೇ.

ಅವನು ತಲೆಯೆತ್ತಿದ. "ಹೌದಾ? ನಮ್ಮ ಮುತ್ತಜ್ಜ ಅಂದ್ಕೊಂಡು ಬೆಳಗ್ಗೆಯಿಂದ ಓದ್ತಾ ಇದ್ದೀನಲ್ಲ."

ಹೆಸರು ಒಂದೇ, ಊರು ಒಂದೇ, ರೆಜಿಮೆಂಟೂ ಒಂದೇ. ಪಿಂಚಣಿ ಕಾಗದದಲ್ಲಿ ಇಬ್ಬರು ಗಂಡುಮಕ್ಕಳೆಂದು ಮಾತ್ರ ಇತ್ತು.

"ಒಬ್ಬರು ನಿಮ್ಮಜ್ಜ, ಇನ್ನೊಬ್ಬರು ನಮ್ಮಜ್ಜ," ಅವನು ನಕ್ಕ. "ಅಲ್ಲಿಗೆ ನಾನು ನಿಮಗೆ ಅಣ್ಣ."

ಆಕೆ ಕುರ್ಚಿ ಎಳೆದುಕೊಂಡು ಅವನೆದುರು ಕುಳಿತಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಮನೆಗೆ ಹೋದರೆ ಮಾತಾಡಲು ಯಾರೂ ಇರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಜ್ವರ ಬಂದಾಗ ಬಾಗಿಲ ಚಿಲಕ ತೆಗೆದಿಟ್ಟೇ ಮಲಗುತ್ತಿದ್ದಳು, ಏನಾದರೂ ಆದರೆ ಯಾರಾದರೂ ಒಳಗೆ ಬರಲಿ ಎಂದು. ತನ್ನವರು ಎನ್ನಲು ಸತ್ತವರಾದರೂ ಸಿಗಲಿ ಎಂದು ಇಲ್ಲಿಗೆ ಬಂದಿದ್ದಳು. ಬದುಕಿರುವವನೇ ಸಿಕ್ಕಿದ್ದ.

ಸೈನಿಕನ ಡಿಸ್ಚಾರ್ಜ್ ಪತ್ರ ಬೇರೆ ಕಟ್ಟಡದಿಂದ ಬರಬೇಕು, ತಡವಾಗುತ್ತದೆ ಎಂದ ಗುಮಾಸ್ತ. ಅದು ಬಂತೇ ಎಂದು ಕೇಳುವ ನೆಪದಲ್ಲಿ ಇಬ್ಬರೂ ಪ್ರತಿ ಶನಿವಾರ ಬರತೊಡಗಿದರು.

ಅವನು ಲಿಫ್ಟ್ ಮೆಕ್ಯಾನಿಕ್. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. "ಜನರನ್ನ ಮೇಲಕ್ಕೆ ಕಳಿಸೋದೇ ನನ್ನ ಕೆಲಸ," ಎನ್ನುತ್ತಿದ್ದ.

"ಮೆಲ್ಲಗೆ ಹೇಳಿ. ಪೊಲೀಸರು ಕೇಳಿಸ್ಕೊಂಡಾರು."

ಒಂದು ದಿನ ಅವನ ಸೊಟ್ಟ ಕನ್ನಡಕ ನೋಡಲಾಗದೆ ಆಕೆ ಅದನ್ನು ಕಿತ್ತುಕೊಂಡು, ಕಡ್ಡಿ ಬಗ್ಗಿಸಿ, ತಾನೇ ತೊಡಿಸಿದಳು. ಬೆರಳು ಅವನ ಕಿವಿಯ ಹಿಂದಿನ ಕೂದಲಿಗೆ ತಾಗಿತು.

"ಈಗ ಚೆನ್ನಾಗಿ ಕಾಣ್ತಿದೆ," ಎಂದ. ಅವನ ಕಣ್ಣು ಕಡತದ ಮೇಲಿರಲಿಲ್ಲ.

ಆಕೆಯ ಮುಖ ಬಿಸಿಯಾಯಿತು. ಅವನೇ ಮೊದಲು ಕಣ್ಣು ತಗ್ಗಿಸಿದ. ಆಮೇಲೆ ಅಣ್ಣ, ತಂಗಿ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಮನೆಗೆ ಹೋಗಿ ಆಕೆ ತನ್ನನ್ನು ತಾನೇ ಬೈದುಕೊಂಡಳು. ಬಂಧು ಬೇಕೆಂದು ಹೋದವಳು ನೀನು, ಸಿಕ್ಕ ಮೇಲೆ ಬೇರೇನೋ ಬೇಕೆಂದರೆ ಹೇಗೆ?

ಕೊನೆಗೂ ಪತ್ರ ಬಂತು. ಸೈನಿಕನ ಗುರುತು ಅದರಲ್ಲಿ ವಿವರವಾಗಿತ್ತು. ಎತ್ತರ, ಐದು ಅಡಿ ಎರಡು ಇಂಚು.

ಆಕೆ ಅದನ್ನು ಮತ್ತೆ ಮತ್ತೆ ಓದಿದಳು. ಅಜ್ಜ ತನ್ನ ಅಪ್ಪನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: ಯಾವ ಬಾಗಿಲಿಗೆ ಹೋದರೂ ತಲೆ ಬಗ್ಗಿಸಬೇಕಿತ್ತಂತೆ, ಅಷ್ಟು ಎತ್ತರ. ಇದು ಆಕೆಗೆ ಮಾತ್ರ ಗೊತ್ತು. ಸುಮ್ಮನಿದ್ದರೆ ಬದುಕಿಡೀ ಅಣ್ಣನೊಬ್ಬ ಉಳಿಯುತ್ತಾನೆ. ಹೇಳಿದರೆ ಏನೂ ಉಳಿಯದೆ ಹೋಗಬಹುದು.

"ಇವರು ನಮ್ಮವರಲ್ಲ," ಎಂದಳು. "ನಮ್ಮ ಮುತ್ತಜ್ಜ ಆರಡಿಗೂ ಮೇಲಿದ್ರು. ಇವರು ನಿಮ್ಮವರು."

ಅವನು ಪತ್ರವನ್ನೇ ನೋಡುತ್ತ ಕುಳಿತ. ಆಕೆ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟಳು.

ಮೆಟ್ಟಿಲ ಹತ್ತಿರ ಅವನು ಓಡಿಬಂದು ಹಿಡಿದ. "ಆ ಕಾಗದ ಬರೋದೇ ಬೇಡ ಅನ್ನಿಸ್ತಿತ್ತು ನನಗೆ."

"ಯಾಕೆ?"

"ನೀವು ತಂಗಿ ಅಂತ ಖಾತ್ರಿಯಾಗ್ಬಿಟ್ರೆ ನಾನೆಲ್ಲಿಗೆ ಹೋಗ್ಲಿ?"

ಆಕೆಯ ಕಣ್ಣು ತುಂಬಿತು. "ನನ್ನವರು ಅಂತ ಒಬ್ಬರಾದ್ರೂ ಸಿಕ್ಕಿದ್ರು ಅಂದ್ಕೊಂಡಿದ್ದೆ. ಈಗ ಅವರೂ ಇಲ್ಲ."

ಅವನು ಆಕೆಯ ಬ್ಯಾಗು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡ. "ಆ ಉದ್ದನೆಯವರು ಒಳಗೆ ಎಲ್ಲೋ ಇದ್ದಾರೆ. ಬನ್ನಿ, ಇಬ್ಬರೂ ಹುಡುಕೋಣ."

"ಸಿಗದೇ ಹೋದ್ರೆ?"

"ಹುಡುಕ್ತಾನೇ ಇರೋಣ."

ಗುಮಾಸ್ತ ಹೊಸ ಕೋರಿಕೆ ಬರೆದುಕೊಳ್ಳುತ್ತ, ಆಕೆಯ ಪಕ್ಕ ನಿಂತಿದ್ದವನತ್ತ ಪೆನ್ನು ತೋರಿಸಿದ. "ಇವರು ನಿಮಗೆ ಏನಾಗ್ಬೇಕು?"

ಆಕೆ ಅವನತ್ತ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು.

"ಇನ್ನೂ ಏನೂ ಆಗಿಲ್ಲ," ಎಂದಳು. "ಆಗ್ತಾರೆ."