ಮೇಜಿನ ಮೇಲಿನ ದುಂಡು ಕಲೆ

“ಅಯ್ಯೋ, ಏನಿದು ವಾಸನೆ! ಟೈರ್ ಸುಡ್ತಿದ್ದೀಯಾ?” ಜೊಂಬೊರ್ ಅಡುಗೆಮನೆ ಬಾಗಿಲಲ್ಲೇ ನಿಂತು ಮೂಗು ಹಿಡಿದ.

ಬೊರೊಕಾ ಪಾತ್ರೆಯೊಳಗೆ ಇಣುಕಿದಳು. ಈಗಷ್ಟೇ ಹಾಕಿದ ಕೆಂಪು ಪಪ್ರಿಕ ಮೆಣಸಿನ ಪುಡಿ, ಕಾದ ಕೊಬ್ಬಿನಲ್ಲಿ ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡುತ್ತಿತ್ತು.

ಅವಳು ಅಜ್ಜಿಯ ಮುಖ ನೋಡಿದಳು. ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಿಟಕಿ ಪಕ್ಕ ಕೂತಿದ್ದ ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ತಟ್ಟನೆ ಬ್ರೆಡ್ ತುಂಡೊಂದನ್ನು ಬಾಯಿಗೆ ತುರುಕಿಕೊಂಡರು.

ಬೆಳಿಗ್ಗೆಯೇ ಅಣ್ಣ ಜೊಂಬೊರ್ ಷರತ್ತು ಹಾಕಿದ್ದ. “ಅಜ್ಜಿ ಒಂದೇ ಒಂದು ಮಾತು ಹೇಳಿಕೊಟ್ರೂ ನೀನು ಸೋತೆ. ಪಿಜ್ಜಾ ತರಿಸ್ತೀನಿ.”

ಅಜ್ಜಿ ಬಿದ್ದ ಮೇಲೆ ಮೂರು ಭಾನುವಾರ ಪಿಜ್ಜಾನೇ ಆಗಿತ್ತು. ಇವತ್ತು ಅಮ್ಮ ಆಸ್ಪತ್ರೆ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಮಾಡುತ್ತಿದ್ದ ಗಟ್ಟಿ ಮಾಂಸದ ಸಾರು, ಪರ್ಕೋಲ್ಟ್, ಮಾಡಿಯೇ ಮಾಡುತ್ತೇನೆ ಎಂದು ಬೊರೊಕಾ ಹಟ ಹಿಡಿದಿದ್ದಳು.

“ನೀರು ಸುರಿದು ಮಾಂಸ ಹಾಕ್ಬಿಡೇ. ಯಾರಿಗ್ ಗೊತ್ತಾಗತ್ತೆ?” ಎಂದ ಜೊಂಬೊರ್.

ಅವಳು ಚಮಚದ ತುದಿ ನೆಕ್ಕಿದಳು. ಕಹಿ. “ನನಗೆ ಗೊತ್ತಾಗತ್ತೆ!”

ಪಾತ್ರೆಯಲ್ಲಿದ್ದದ್ದೆಲ್ಲ ಕಸದ ಡಬ್ಬಿಗೆ ಹೋಯಿತು. ಪುಣ್ಯಕ್ಕೆ ದನದ ಮಾಂಸ ಇನ್ನೂ ಮಣೆಯ ಮೇಲೇ ಇತ್ತು. ಪಪ್ರಿಕ ಮಾತ್ರ ಡಬ್ಬಿಯ ತಳದಲ್ಲಿ ಮೂರೇ ಚಮಚ.

ಅವಳು ಮತ್ತೆ ಈರುಳ್ಳಿ ಹೆಚ್ಚಲು ಕೂತಳು. ಕಣ್ಣಲ್ಲಿ ನೀರು. ಈರುಳ್ಳಿಯದೂ ಹೌದು, ಈರುಳ್ಳಿಯದಲ್ಲದ್ದೂ ಹೌದು.

ಒಲೆಯ ಪಕ್ಕದ ಮರದ ಮೇಜಿನ ಮೇಲೆ ಒಂದು ದುಂಡನೆಯ ಸುಟ್ಟ ಕಲೆ ಇತ್ತು. ಅಜ್ಜಿ ಬಿಸಿ ಪಾತ್ರೆ ಇಟ್ಟೂ ಇಟ್ಟೂ ಆದ ಕಲೆ. ಆದರೆ ಊಟಕ್ಕೆ ಪಾತ್ರೆ ಹೋಗುವುದು ಒಳಗಿನ ಕೋಣೆಗೆ. ಇಲ್ಲಿಗೆ ಯಾಕೆ ಬರುತ್ತದೆ? ಅಡುಗೆಯ ನಡುವೆಯೇ ಇಳಿಸುತ್ತಿದ್ದರಾ?

ಬೊರೊಕಾಳ ಚಾಕು ನಿಂತಿತು.

ಈ ಸಲ ಈರುಳ್ಳಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಪಾತ್ರೆಯನ್ನು ಒಲೆಯಿಂದ ಇಳಿಸಿ ಆ ಕಲೆಯ ಮೇಲಿಟ್ಟಳು. ಚುರುಗುಟ್ಟುವುದು ನಿಲ್ಲಲಿ ಎಂದು ಕಾದಳು. ಆಮೇಲೆ ಪಪ್ರಿಕ ಹಾಕಿ ಕಲಕಿದಳು. ಕೊಬ್ಬಿನ ತುಂಬ ಕೆಂಪು ಹರಡಿತು, ಹೊಳೆಯುವ ಕೆಂಪು!

“ಓಹೋ,” ಎಂದ ಜೊಂಬೊರ್, ಮೆಲ್ಲಗೆ.

ಮಾಂಸ ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ ಬೆಂದಿತು. ನೀರು ಇಂಗಿದಾಗಲೆಲ್ಲ ಅವಳು ಅರ್ಧ ಲೋಟ ಸೇರಿಸಿದಳು, ಅಷ್ಟೇ. ಚರ್ಚಿನಲ್ಲಿ ಹನ್ನೆರಡರ ಗಂಟೆ ಹೊಡೆಯುವಾಗ ಜೊತೆಗೆ ಬೇಕಾದ ನೊಕೆಡ್ಲಿ ಕಡುಬಿಗೆ ಹಿಟ್ಟು, ಮೊಟ್ಟೆ ಕಲಸುತ್ತಿದ್ದಳು. ತೂತಿನ ತಟ್ಟೆಯ ಮೂಲಕ ಉಜ್ಜಿದರೆ ಹಿಟ್ಟು ಇಳಿಯಲೇ ಇಲ್ಲ. ಒಂದಿಷ್ಟು ನೀರು ಬೆರೆಸಿದಳು. ಆಗ ಪುಟ್ಟ ಪುಟ್ಟ ಉಂಡೆಗಳು ಕುದಿವ ನೀರಿಗೆ ಬಿದ್ದು, ಮುಳುಗಿ, ಒಂದೊಂದಾಗಿ ಮೇಲೆ ತೇಲಿದವು.

“ಎದ್ವು! ಎಲ್ಲಾ ಎದ್ವು!” ಎಂದು ಕೂಗಿದವನು ಜೊಂಬೊರ್.

ಅಮ್ಮ ಕೋಟು ಬಿಚ್ಚದೆಯೇ ಊಟಕ್ಕೆ ಕೂತಳು. ಅಣ್ಣನ ತಟ್ಟೆ ಎರಡು ಸಲ ಖಾಲಿಯಾಯಿತು.

“ಅಜ್ಜಿ, ಈಗ ಮಾತಾಡ್ಬಹುದು. ಇವಳೇ ಗೆದ್ಳು,” ಎಂದ ಅವನು, ಬಾಯಿ ತುಂಬ ತುಂಬಿಕೊಂಡೇ.

ಅಜ್ಜಿ ಬ್ರೆಡ್ಡಿನಿಂದ ತಟ್ಟೆ ಒರೆಸಿ, ಖಾಲಿ ತಟ್ಟೆಯನ್ನು ಬೊರೊಕಾಳ ಮುಂದೆ ಚಾಚಿದರು.

ಬೊರೊಕಾ ಸೌಟು ತುಂಬ ಬಡಿಸಿದಳು. ಚೆನ್ನಾಗಿದೆಯಾ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಬೇಕು ಎಂದು ಅನ್ನಿಸಲೂ ಇಲ್ಲ.